ರೇಗನ್ಸ್‌ಬರ್ಗ್‌ನ ಐದನೆಯ ವಿಧಿ: ನಂಬಿಕೆ, ಸತ್ಕ್ರಿಯೆ ಮತ್ತು ಕೈತಪ್ಪಿದ ಒಪ್ಪಂದ

ಕ್ರೈಸ್ತಧರ್ಮದ ಇತಿಹಾಸ ಹೇಳುವವರು ಹದಿನಾರನೆಯ ಶತಮಾನಕ್ಕೆ ಬಂದೊಡನೆ ಒಂದು ಗೆರೆ ಎಳೆದುಬಿಡುತ್ತಾರೆ: ಪ್ರಾಟೆಸ್ಟಂಟರದು ನಂಬಿಕೆಯ ದಾರಿ, ಕ್ಯಾಥೊಲಿಕರದು ಕ್ರಿಯೆಯ ದಾರಿ. ಈ ಗೆರೆ ನೆನಪಿಡಲು ಸುಲಭ, ದಾಖಲೆಗಳಿಗೆ ಮಾತ್ರ ಹೊಂದುವುದಿಲ್ಲ. ಸತ್ಕ್ರಿಯೆ ಬೇಡವೆಂದು ಲೂಥರ್ ಬೋಧಿಸಲಿಲ್ಲ. ಕೃಪೆಯಿಲ್ಲದೆ ಬರೀ ಕ್ರಿಯೆಯಿಂದ ರಕ್ಷಣೆ ಸಿಗುತ್ತದೆಂದು ರೋಮ್ ಕೂಡ ಬೋಧಿಸಲಿಲ್ಲ. ಜಗಳವಿದ್ದದ್ದು ಬೇರೊಂದು ಪ್ರಶ್ನೆಯ ಸುತ್ತ. ದೇವರ ನ್ಯಾಯಾಸನದ ಮುಂದೆ ನಿಂತವನು ಏನನ್ನು ನೆಚ್ಚಬೇಕು? ಕೃಪೆಯ ಬಲದಿಂದ ತನ್ನೊಳಗೆ ಬೆಳೆದ ನೀತಿಯನ್ನೋ, ಕ್ರಿಸ್ತನದಾಗಿದ್ದೂ ತನ್ನ ಲೆಕ್ಕಕ್ಕೆ ಸೇರಿದ ನೀತಿಯನ್ನೋ?

ತಕರಾರಿನ ಬೀಜ ಹೊಸ ಒಡಂಬಡಿಕೆಯಲ್ಲೇ ಇದೆ. ಪೌಲ ಮತ್ತು ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲ ತೋರಿಸುವುದು ಸುನ್ನತಿಗೂ ಮೊದಲಿನ ಅಬ್ರಹಾಮನನ್ನು. ಯಾಕೋಬ ತೋರಿಸುವುದು ಮಗನನ್ನು ಯಜ್ಞವೇದಿಯ ಮೇಲಿಟ್ಟ ಅಬ್ರಹಾಮನನ್ನು. ಪೌಲನ ಎದುರಿಗಿದ್ದದ್ದು ಯೆಹೂದ್ಯರಲ್ಲದವರಿಗೂ ಸುನ್ನತಿ ಕಡ್ಡಾಯವೇ ಎಂಬ ವಿವಾದ. ಯಾಕೋಬನ ಎದುರಿಗಿದ್ದವರು ಬಟ್ಟೆಯಿಲ್ಲದವನನ್ನೂ ಹಸಿದವನನ್ನೂ ಬರೀ ಹಾರೈಸಿ ಕಳಿಸುವ ಜನ. ಪ್ರಶ್ನೆಗಳೇ ಬೇರೆಯಾಗಿದ್ದವು. ಮುಂದಿನ ಶತಮಾನಗಳು ಈ ಹಿನ್ನೆಲೆಯನ್ನು ಬಹುಮಟ್ಟಿಗೆ ಮರೆತು ವಾಕ್ಯಕ್ಕೆ ವಾಕ್ಯ ಎದುರಿಟ್ಟವು.

ನಮ್ಮ ಕಥೆಗೆ ಮುಖ್ಯನಾದವನು ಲೂಥರ್ ಅಲ್ಲ, ವೆನಿಸ್‌ನ ಗಣ್ಯ ಮನೆತನದ ಗಾಸ್ಪಾರೊ ಕಾಂಟರೀನಿ. 1510ರಲ್ಲಿ ಇವನ ಗೆಳೆಯ ಪಾವೊಲೊ ಜುಸ್ತಿನಿಯಾನಿ ಎಲ್ಲ ಬಿಟ್ಟು ಕಮಾಲ್ಡೊಲಿಯ ಆಶ್ರಮ ಸೇರಿದ. ಅಷ್ಟು ಕಠೋರ ತಪಸ್ಸಿಗಿಳಿದವನಿಗೂ ತನ್ನ ಪಾಪಕ್ಕೆ ಅದು ಸಾಲದೇನೋ ಎಂಬ ಅಂಜಿಕೆ. ಹಾಗಾದರೆ ಊರಲ್ಲೇ ಉಳಿದ ತನ್ನ ಗತಿಯೇನು ಎಂದು ಕಾಂಟರೀನಿ ಕಂಗೆಟ್ಟ. 1511ರ ಈಸ್ಟರ್‌ನ ಹಿಂದಿನ ದಿನ ಪಾಪನಿವೇದನೆಗೆ ಹೋದಾಗ ಒಬ್ಬ ಪಾದ್ರಿಯೊಡನೆ ಆಡಿದ ಮಾತು ಅವನ ಮನಸ್ಸನ್ನು ತಿರುಗಿಸಿತು: ತನ್ನ ಪ್ರಾಯಶ್ಚಿತ್ತ ಎಷ್ಟಿದ್ದರೂ ಸಾಲದು, ಕ್ರಿಸ್ತನ ಯಾತನೆ ಮಾತ್ರ ಸಾಕು. ಇದನ್ನು ಅವನು ಗೆಳೆಯನಿಗೆ ಬರೆದ ಪತ್ರಗಳು ಇಪ್ಪತ್ತನೆಯ ಶತಮಾನದಲ್ಲಿ ಇತಿಹಾಸಕಾರ ಹ್ಯೂಬರ್ಟ್ ಜೆಡಿನ್‌ರಿಂದ ಬೆಳಕಿಗೆ ಬಂದವು. ವಿಟ್ಟೆನ್‌ಬರ್ಗ್‌ನಲ್ಲಿ ಲೂಥರನ 95 ವಾದಾಂಶಗಳಿಗೆ ಇನ್ನೂ ಆರು ವರ್ಷ ಇತ್ತು ಎಂಬುದನ್ನು ಗಮನಿಸಬೇಕು. ಈ ಕಳವಳ ಜರ್ಮನಿಯ ಒಬ್ಬ ಸನ್ಯಾಸಿಯ ಸ್ವಂತ ಆಸ್ತಿಯೇನೂ ಆಗಿರಲಿಲ್ಲ.

ಮೂವತ್ತು ವರ್ಷಗಳ ಅನಂತರ ಅದೇ ಕಾಂಟರೀನಿ ಕಾರ್ಡಿನಲ್ ಆಗಿ, ಪೋಪರ ಪ್ರತಿನಿಧಿಯಾಗಿ ರೇಗನ್ಸ್‌ಬರ್ಗ್‌ಗೆ ಬಂದ. ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೆ ಜರ್ಮನಿಯ ಒಡಕನ್ನು ಹೇಗಾದರೂ ಮುಚ್ಚಬೇಕಿತ್ತು. ಮಾತುಕತೆಗೆ ಕೂತ ಕ್ಯಾಥೊಲಿಕರು ಯೋಹಾನ್ ಎಕ್, ಯೂಲಿಯಸ್ ಪ್ಫ್ಲೂಗ್, ಯೋಹಾನ್ ಗ್ರಾಪರ್. ಪ್ರಾಟೆಸ್ಟಂಟರು ಮೆಲಾಂಕ್ಟನ್, ಬ್ಯೂಸರ್, ಪಿಸ್ಟೋರಿಯಸ್. ಎಕ್ ಎಂದರೆ 1519ರಲ್ಲಿ ಲೈಪ್ಜಿಗ್‌ನಲ್ಲಿ ಲೂಥರನೊಡನೆ ವಾದಕ್ಕಿಳಿದಿದ್ದವನೇ. ಆದರೂ 1541ರ ಮೇ 2ರಂದು, ಅತ್ಯಂತ ಕಠಿಣವೆನಿಸಿದ್ದ ನೀತೀಕರಣದ (ಪಾಪಿ ದೇವರ ಮುಂದೆ ನೀತಿವಂತನೆನಿಸುವುದರ) ವಿಧಿಗೆ ಎರಡೂ ಕಡೆ ಒಪ್ಪಿದವು.

ಆ ಐದನೆಯ ವಿಧಿಯ ಕಟ್ಟೋಣ ಜಾಣತನದ್ದು. ಪಾಪಿಯನ್ನು ನೀತಿವಂತನನ್ನಾಗಿಸುವುದು ಜೀವಂತವಾದ, ಪ್ರೀತಿಯಲ್ಲಿ ಕೆಲಸ ಮಾಡುವ ನಂಬಿಕೆ. ಅವನಿಗೆ ಕ್ರಿಸ್ತನ ನೀತಿಯೂ ಎಣಿಕೆಯಾಗುತ್ತದೆ, ಅವನೊಳಗೂ ಒಂದು ನೀತಿ ಮೊಳೆಯುತ್ತದೆ. ಆದರೆ ಆತ್ಮ ಆತುಕೊಳ್ಳಬೇಕಾದ್ದು ಮೊದಲನೆಯದಕ್ಕೆ. ನಂಬಿಕೆಯೊಂದರಿಂದಲೇ ಎಂದು ಬೋಧಿಸುವವರು ಪಶ್ಚಾತ್ತಾಪ, ದೈವಭಯ, ಸತ್ಕ್ರಿಯೆಗಳನ್ನೂ ಬೋಧಿಸಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಎದುರಾಳಿಗಳು ಇಷ್ಟೊಂದು ಬಿಟ್ಟುಕೊಟ್ಟರಲ್ಲ ಎಂದು ಅಲ್ಲೇ ಇದ್ದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಅಚ್ಚರಿಪಟ್ಟು ಗೆಳೆಯ ಫರೆಲ್‌ಗೆ ಬರೆದ. ಲೂಥರನಿಗೆ ಅದು ತೇಪೆ ಹಾಕಿದ ಬರಹವಾಗಿ ಕಂಡಿತು. ರೋಮ್ ಕೂಡ ಅನುಮೋದಿಸಲಿಲ್ಲ. ಅಷ್ಟರಲ್ಲಿ ಮಾತುಕತೆಯೇ ಪ್ರಭುಭೋಜನದ ಪ್ರಶ್ನೆಗೆ ಸಿಕ್ಕಿ ನಿಂತಿತ್ತು: ರೊಟ್ಟಿ, ದ್ರಾಕ್ಷಾರಸಗಳು ಕ್ರಿಸ್ತನ ದೇಹ, ರಕ್ತಗಳಾಗಿ ಮಾರ್ಪಡುತ್ತವೆ ಎಂಬ ಬೋಧನೆಯನ್ನು ಒಂದು ಕಡೆಯವರು ಬಿಡಲಿಲ್ಲ, ಇನ್ನೊಂದು ಕಡೆಯವರು ಒಪ್ಪಲಿಲ್ಲ. ಮರುವರ್ಷ ಕಾಂಟರೀನಿ ತೀರಿಕೊಂಡ.

ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯಲ್ಲಿ ಅವನ ಎಳೆಯನ್ನು ಹಿಡಿದವನು ಅಗಸ್ಟೀನಿಯನ್ ಪಂಥದ ಮುಖ್ಯಸ್ಥ ಸೆರಿಪಾಂಡೊ. ಕೃಪೆಯಲ್ಲಿ ಬೆಳೆದವನಿಗೂ ಕೊನೆಯಲ್ಲಿ ಕ್ರಿಸ್ತನ ನೀತಿಯ ಆಸರೆ ಬೇಕು ಎಂಬುದು ಅವನ ವಾದ. 1546ರ ಅಕ್ಟೋಬರ್‌ನಲ್ಲಿ ಜೆಸ್ಯೂಟ್ ಡಿಯೇಗೊ ಲೈನೆಸ್ ಅದನ್ನು ಬಲವಾಗಿ ಎದುರಿಸಿದ; ಸಭೆ ಲೈನೆಸ್‌ನ ಕಡೆಗೇ ವಾಲಿತು. 1547ರ ಜನವರಿ 13ರ ನಿರ್ಣಯದಲ್ಲಿ 16 ಅಧ್ಯಾಯ, 33 ಖಂಡನಾಸೂತ್ರಗಳಿವೆ. ಒಂಬತ್ತನೆಯದು ನಂಬಿಕೆ ಮಾತ್ರ ಸಾಕೆನ್ನುವವರನ್ನು ಖಂಡಿಸುವುದು ಎಲ್ಲರಿಗೂ ಗೊತ್ತು. ಮೊದಲನೆಯದು ಕೃಪೆಯಿಲ್ಲದೆ ಸ್ವಂತ ಕ್ರಿಯೆಯಿಂದ ನೀತಿವಂತನಾಗಬಹುದೆನ್ನುವವರನ್ನು ಖಂಡಿಸುತ್ತದೆಂಬುದನ್ನು ನೆನೆಯುವವರು ಕಡಿಮೆ.

ಕ್ರಿಯೆಗಳ ಬಗ್ಗೆ ತೀರಾ ಕಹಿಯಾದ ಜಗಳವೊಂದು ನಡೆದದ್ದು ಲೂಥರನ ಅನುಯಾಯಿಗಳ ಮನೆಯೊಳಗೇ. ರಕ್ಷಣೆಗೆ ಸತ್ಕ್ರಿಯೆ ಅಗತ್ಯವೆಂದು 1552ರಲ್ಲಿ ಗೇಯಾರ್ಗ್ ಮಾಯರ್ ಬರೆದ. ನಿಕೊಲಾಸ್ ಫಾನ್ ಆಮ್ಸ್‌ಡಾರ್ಫ್ ಇನ್ನೊಂದು ತುದಿಗೆ ಜಿಗಿದು, 1559ರಲ್ಲಿ ರಕ್ಷಣೆಗೆ ಸತ್ಕ್ರಿಯೆ ಹಾನಿಕರ ಎಂದೇ ಬರೆದ! ಕ್ರಿಯೆಯನ್ನು ನೆಚ್ಚುವುದು ಹಾನಿಕರ ಎಂಬುದು ಅವನ ಇಂಗಿತವಿರಬಹುದು, ಆದರೆ ವಾದದ ಕಾವಿನಲ್ಲಿ ಅಷ್ಟು ತಾಳ್ಮೆ ಯಾರಿಗಿತ್ತು? ಲೂಥರನ್ನರ 1577ರ ಐಕಮತ್ಯ ಸೂತ್ರ ಇಬ್ಬರ ಮಾತನ್ನೂ ಬದಿಗೆ ಸರಿಸಿತು: ಸತ್ಕ್ರಿಯೆ ವಿಶ್ವಾಸಿಯ ಕರ್ತವ್ಯ, ರಕ್ಷಣೆಯ ಕಾರಣವಲ್ಲ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ನೀತೀಕರಣದ ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರಲ್ಲಿ ವಿವರಿಸಿರುವ ಬೋಧನೆಗೆ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲ ಎಂಬುದು ಒಪ್ಪಂದದ ತಿರುಳು. ಮುಖ್ಯ ಭಿನ್ನತೆಗಳನ್ನು ಮಸುಕಾಗಿಸಲಾಗಿದೆ ಎಂದು ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟಂಟ್ ಪ್ರಾಧ್ಯಾಪಕರು ಅದಕ್ಕೂ ಮೊದಲೇ ಆಕ್ಷೇಪಿಸಿದ್ದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಸುಧಾರಿತ ಸಭೆಗಳ ಒಕ್ಕೂಟ ಜೊತೆಗೂಡಿದವು. ಪ್ರಭುಭೋಜನವನ್ನು ಒಟ್ಟಿಗೆ ಸ್ವೀಕರಿಸುವ ಪ್ರಶ್ನೆ ಮಾತ್ರ ರೋಮ್ ಮತ್ತು ಈ ಸಭೆಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ.