ಪಿಸ್ತೂಲಿನ ಮೇಲಿನ ಇಸವಿ

ಹಳೆಯ ಚಕಮಕಿ ಪಿಸ್ತೂಲೊಂದರ ನಳಿಗೆಯ ಮೇಲೆ ಫಾರ್ಸಿ ಅಂಕಿಗಳಲ್ಲಿ 1224 ಎಂದು ಬರೆದಿದೆ ಎನ್ನೋಣ. ಹಿಜ್‌ರಿ ಲೆಕ್ಕ ಬಲ್ಲವರು ಕೂಡಲೇ ಅದನ್ನು ಕ್ರಿ.ಶ. 1809 ಎನ್ನುತ್ತಾರೆ. ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದದ್ದು 1799ರ ಮೇ 4ರಂದು. ಹಾಗಾದರೆ ಇದು ಅವರ ಕಾಲದ್ದಲ್ಲ, ಹತ್ತು ವರ್ಷ ಈಚಿನದು ಎಂದು ಬದಿಗಿಟ್ಟುಬಿಡುವುದು ಸುಲಭ. ಆದರೆ ಅದೇ ಪಿಸ್ತೂಲು 1796ರಲ್ಲಿ ಸುಲ್ತಾನರ ಸ್ವಂತ ಕಾರ್ಖಾನೆಯಲ್ಲಿ ತಯಾರಾದದ್ದೂ ಇರಬಹುದು.

ಇದಕ್ಕೆ ಕಾರಣ ಮೌಲೂದಿ ಶಕೆ. ಸುಲ್ತಾನರ ಮೊದಲ ವರ್ಷಗಳ ನಾಣ್ಯಗಳ ಮೇಲೆ 1197, 1198 ಎಂದು ಹಿಜ್‌ರಿ ಇಸವಿಯೇ ಇದೆ. 1787ರಿಂದ ಅಂಕಿ ಏಕಾಏಕಿ 1215ಕ್ಕೆ ಜಿಗಿಯುತ್ತದೆ. ಪ್ರವಾದಿ ಮುಹಮ್ಮದ್(ಸ)ರ ಹಿಜ್‌ರತ್‌ನ ಬದಲು ಅವರ ಜನನದಿಂದ ವರ್ಷ ಎಣಿಸುವ ಪದ್ಧತಿಯನ್ನು ಸುಲ್ತಾನರು ಜಾರಿಗೆ ತಂದಿದ್ದರು.

ಜನನಕ್ಕೂ ಹಿಜ್‌ರತ್‌ಗೂ ನಡುವೆ ಸುಮಾರು 50 ವರ್ಷಗಳಿವೆ. ಹಾಗಿದ್ದೂ ಹಿಜ್‌ರಿ 1201ಕ್ಕೂ ಮೌಲೂದಿ 1215ಕ್ಕೂ ಹದಿನಾಲ್ಕೇ ವರ್ಷದ ಅಂತರವೇಕೆ? ನಮ್ಮ ಹಿಜ್‌ರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ರಮಝಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುವುದು ಅದಕ್ಕೇ. ಹೀಗೆ ಅಷ್ಟು ಶತಮಾನಗಳಲ್ಲಿ ಹಿಜ್‌ರಿ ಎಣಿಕೆ 36 ವರ್ಷ ಮುಂದೆ ಓಡಿತ್ತು. ಐವತ್ತರಲ್ಲಿ ಅದನ್ನು ಕಳೆದರೆ ಉಳಿಯುವುದು ಹದಿನಾಲ್ಕು. ಮೌಲೂದಿ ವರ್ಷವಾದರೋ ಈ ನಾಡಿನ ಪಂಚಾಂಗದಂತೆ ಅಧಿಕ ಮಾಸ ಸೇರಿಸಿಕೊಂಡು ಮಳೆ ಬೆಳೆಗಳ ಜೊತೆಗೇ ನಡೆಯುತ್ತಿತ್ತು. ಚೈತ್ರಕ್ಕೆ ಸರಿಯಾಗಿ ಅದರ ಮೊದಲ ತಿಂಗಳು ಅಹ್ಮದಿ; ಆಮೇಲೆ ಬಹಾರಿ. ಅರಬಿ ಅಕ್ಷರಮಾಲೆ ಕಲಿತವರಿಗೆ ಈ ಹೆಸರುಗಳ ಮೊದಲ ಅಕ್ಷರಗಳು ಅಲಿಫ್, ಬಾ ಎಂದು ಥಟ್ಟನೆ ಹೊಳೆದೀತು. ಕಂದಾಯ ಕಟ್ಟುವ ರೈತನಿಗೂ ಫಾರ್ಸಿ ಬರೆಯುವ ಮುನ್ಷಿಗೂ ಒಂದೇ ಕ್ಯಾಲೆಂಡರ್ ಒಪ್ಪುವಂತಿತ್ತು. ಇದು ಜಾಣ ಏರ್ಪಾಡು ಎಂದೇ ನನ್ನ ಅನಿಸಿಕೆ.

ಇನ್ನೊಂದು ತೊಡಕಿದೆ. ಅರಬಿ, ಫಾರ್ಸಿಗಳಲ್ಲಿ ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ ಹೋಗುತ್ತವೆ. ಮೌಲೂದಿ ಇಸವಿಯ ನಾಣ್ಯಗಳಲ್ಲಿ ಮಾತ್ರ ಅಂಕಿಗಳನ್ನೂ ಬಲದಿಂದಲೇ ಓದಬೇಕು. ವಾಡಿಕೆಯಂತೆ ಓದಿದರೆ 1224 ಎಂಬುದು 4221 ಆಗಿಬಿಡುತ್ತದೆ! ಆಯುಧಗಳ ಮೇಲಿನ ಇಸವಿ ಓದುವಾಗಲೂ ಇದು ನೆನಪಿರಬೇಕು. ಸರಿಯಾಗಿ ಓದಿದ ಮೇಲೆ 572 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಸುಲ್ತಾನರ ಆಳ್ವಿಕೆಗೆ ಹೊಂದುವ ಮೌಲೂದಿ ಇಸವಿಗಳು 1215ರಿಂದ 1227ರವರೆಗೆ ಮಾತ್ರ. ಟಿಪ್ಪು ಪಿಸ್ತೂಲೆಂದು ತೋರಿಸುವ ವಸ್ತುವಿನ ಮೇಲೆ 1208 ಎಂದೋ 1210 ಎಂದೋ ಇದ್ದರೆ ಸ್ವಲ್ಪ ತಡೆದು ನೋಡಬೇಕು. ಅಷ್ಟಕ್ಕೇ ನಕಲಿ ಎನ್ನಲಾಗದು. ಆದರೆ ಸರ್ಕಾರಿ ಕಾರ್ಖಾನೆ ಹಿಜ್‌ರಿಯನ್ನು ಬಿಟ್ಟಿದ್ದ ವರ್ಷಗಳವು.

ಇಸವಿ ಒಂದೇ ಸಾಕ್ಷಿಯಲ್ಲ. ಹುಲಿಯ ಮೈಪಟ್ಟೆಯ ಆಕಾರದ 'ಬಬ್ರಿ' ಗುರುತು ಸೈನಿಕರ ಉಡುಪಿನ ಮೇಲೆ ಇದ್ದಂತೆ ಆಯುಧಗಳ ಮೇಲೂ ಇದೆ. ಫಾರ್ಸಿಯಲ್ಲಿ ಬಬ್ರ್ ಎಂದರೆ ಹುಲಿ. ಕೆಲವು ಬಂದೂಕುಗಳ ಕುದುರೆಯನ್ನೇ ಹುಲಿಯ ರೂಪದಲ್ಲಿ ಎರಕ ಹೊಯ್ದಿದ್ದಾರೆ. ಎಲ್ಲಕ್ಕಿಂತ ಸೊಗಸಾದದ್ದು ಹುಲಿಮುಖದ ಮುದ್ರೆ. ಮೊದಲ ನೋಟಕ್ಕೆ ಬರೀ ಹುಲಿ. ನಿಧಾನವಾಗಿ ನೋಡಿದರೆ ಕಣ್ಣು, ಮೂಗು, ಮೀಸೆಗಳೆಲ್ಲ ಅಕ್ಷರಗಳು. ಅಸದುಲ್ಲಾಹಿಲ್ ಗಾಲಿಬ್, ಅಂದರೆ ಅಲ್ಲಾಹನ ಸಿಂಹವೇ ವಿಜಯಿ. ಅಸದುಲ್ಲಾಹ್ ಎಂಬುದು ಹಝ್ರತ್ ಅಲಿ(ರ)ಯವರ ಬಿರುದು, ಹೈದರ್ ಎಂಬುದೂ ಅವರದೇ. ಸುಲ್ತಾನರ ತಂದೆಯ ಹೆಸರೂ ಅದೇ ಆಗಿತ್ತಲ್ಲ! ನಾಣ್ಯಗಳ ಮೇಲೆ ಒಂಟಿಯಾಗಿ ಕಾಣುವ 'ಹಾ' ಅಕ್ಷರ ಹೈದರರ ಹೆಸರಿನ ಮೊದಲಕ್ಷರ. ಊರಿನ ಹೆಸರು ಇದ್ದರೆ ಸಾಮಾನ್ಯವಾಗಿ ಪಟನ್, ಅಂದರೆ ಶ್ರೀರಂಗಪಟ್ಟಣ. ರಾಬಿನ್ ವಿಗಿಂಗ್ಟನ್ ಎಂಬವರು ಈ ಬಂದೂಕುಗಳ ಬಗ್ಗೆಯೇ 1992ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ತಂದರು. ಕೋಟೆ ಬಿದ್ದ ಮೇಲೆ ಆಯುಧಗಳು ಕೊಳ್ಳೆಯ ಪಾಲಾಗಿ ಅಧಿಕಾರಿಗಳ ಜೊತೆ ಹಡಗು ಹತ್ತಿದ್ದರಿಂದ ಅವನ್ನು ಹುಡುಕಲು ಇಂಗ್ಲೆಂಡೇ ಅನುಕೂಲದ ಜಾಗ.

ನಮ್ಮಲ್ಲೂ 'ಇದು ಟಿಪ್ಪುವಿನ ಕಾಲದ್ದು, ಅಜ್ಜ ಕೊಟ್ಟದ್ದು' ಎಂದು ಪಿಸ್ತೂಲು ತೋರಿಸುವವರು ಸಿಗುತ್ತಾರೆ. ಅದರ ಮೇಲೆ ಹೃದಯದ ಆಕಾರದೊಳಗೆ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಮುದ್ರೆ. ಹಿಂಗಾಲ ಮೇಲೆ ನಿಂತ ಸಿಂಹವಿದ್ದರೆ ಅದೂ ಕಂಪೆನಿಯದೇ, ಸುಮಾರು 1808ರ ಈಚಿನದು. ಸಿಂಹ ಕಂಡದ್ದೇ ಸುಲ್ತಾನರನ್ನು ನೆನೆಯುವವರಿಗೆ ಇದು ನಿರಾಸೆಯ ಸಂಗತಿ. ಕಿರೀಟದ ಜೊತೆ 'ಟವರ್' ಎಂದು ಬರೆದಿದ್ದರೆ ಬ್ರಿಟಿಷ್ ಸೇನೆಯ ಮಾಲು. ಹಾಗೆಂದು ಎಸೆಯಬೇಕಿಲ್ಲ. ಕಂಪೆನಿಯ ಪಿಸ್ತೂಲು ನಮ್ಮ ಅಜ್ಜನ ಅಜ್ಜನ ಕೈಗೆ ಹೇಗೆ ಬಂತು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಅಂಥದ್ದು ಮನೆಯಲ್ಲಿದ್ದರೆ ಹುಣಸೆಹಣ್ಣು, ಉಪ್ಪುಕಾಗದ ಹಾಕಿ ಉಜ್ಜಲು ಹೋಗಬೇಡಿ. ಮುದ್ರೆ ಕೂದಲಿನಷ್ಟೇ ಆಳವಿರುತ್ತದೆ, ಒಂದು ಸಲ ತಿಕ್ಕಿದರೆ ಹೋಯಿತು. ಓರೆ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆದು, ಫಾರ್ಸಿ ಓದಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದರೆ ಅವರಿಗೆ ತೋರಿಸಿ. ಅಂಕಿಗಳನ್ನು ಬಲದಿಂದಲೂ ಒಮ್ಮೆ ಓದಿ ನೋಡಲು ಹೇಳಿ.