ಸಂಕೇತಲೋಪ ಮತ್ತು ತಟಸ್ಥಸ್ಥಿತಿ: ಸ್ವನಿರ್ಮಿತ ಸ್ಕೇಟ್‌ಬೋರ್ಡ್ ರಿಮೋಟನ್ನು ಕುರಿತ ವಿವೇಚನೆ

ಹಿಡಿಯಲು ಹ್ಯಾಂಡಲ್ಲಾಗಲಿ ತುಳಿಯಲು ಪೆಡಲಾಗಲಿ ಇಲ್ಲದ ವಿದ್ಯುತ್ ಸ್ಕೇಟ್‌ಬೋರ್ಡಿನ ಮೇಲೆ ನಿಂತು ಸಾಗುವವನಿಗೆ, ವೇಗವನ್ನು ಏರಿಸುವ, ಇಳಿಸುವ, ನಿಲ್ಲಿಸುವ ಅಧಿಕಾರವೆಲ್ಲವೂ ಅಂಗೈಯೊಳಗಿನ ನಿಸ್ತಂತು ರಿಮೋಟಿನಲ್ಲಿಯೇ ಅಡಗಿರುತ್ತದೆ. ಇಂಥ ರಿಮೋಟನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವವರು ಆಜ್ಞೆಯನ್ನು ತಲುಪಿಸುವ ವಿಚಾರಕ್ಕೆ ಶ್ರಮದ ಬಹುಭಾಗವನ್ನು ವ್ಯಯಿಸುತ್ತಾರೆ. ಆಜ್ಞೆಯು ತಲುಪದೆ ಹೋದಾಗ ಬೋರ್ಡು ಏನು ಮಾಡತಕ್ಕದ್ದು ಎಂಬುದೇ ಈ ನಿರ್ಮಾಣದ ಮೂಲಪ್ರಶ್ನೆಯೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಸಾಮಗ್ರಿ ಸರಳವಾದದ್ದೇ. ಹೆಬ್ಬೆರಳಿನಿಂದ ತಿರುಗಿಸುವ ಚಕ್ರದಲ್ಲಿ ಒಂದು ಅಯಸ್ಕಾಂತವನ್ನು ಕೂರಿಸಿ, 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಸೆನ್ಸರಿನಿಂದ ಅದರ ಚಲನೆಯನ್ನು ವೋಲ್ಟೇಜಾಗಿ ಪಡೆದರೆ, ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಫಲಕ ಅದನ್ನು 0ಯಿಂದ 1023ರವರೆಗಿನ ಅಂಕೆಯಾಗಿ ಓದುತ್ತದೆ. ಆ ಅಂಕೆಯನ್ನು ನಾರ್ವೆಯ ನಾರ್ಡಿಕ್ ಸಂಸ್ಥೆಯ ಎನ್‌ಆರ್‌ಎಫ್24ಎಲ್01 ರೇಡಿಯೋ ರವಾನಿಸುತ್ತದೆ. ಬೋರ್ಡಿನಲ್ಲಿ ಗ್ರಾಹಕವಾಗಿ ಇದೇ ಜೋಡಿಯ ಪ್ರತಿರೂಪವೂ, ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ರೂಪಿಸಿದ ವೆಸ್ಕ್ ಎಂಬ ಮೋಟಾರು ನಿಯಂತ್ರಕವೂ ಇರುತ್ತವೆ. ರೇಡಿಯೋವಿನ ವಿದ್ಯುತ್ ಪೂರೈಕೆಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆಯಬೇಕು. ಇದನ್ನು ಮರೆತು ರೇಡಿಯೋವನ್ನೇ ದೂಷಿಸಿ ಎಸೆದವರು ಹಲವರು.

ಈ ರೇಡಿಯೋ ಬಳಸುವ 2.4 ಗಿಗಾಹರ್ಟ್ಸಿನ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರು. ನೀರಿನಂಶವೇ ಅಧಿಕವಾಗಿರುವ ಮನುಷ್ಯದೇಹವು ಅದನ್ನು ಹೀರಿಕೊಳ್ಳುತ್ತದೆ; ವೈಫೈ, ಬ್ಲೂಟೂತ್‌ಗಳೂ ಅದೇ ಪಟ್ಟಿಯಲ್ಲಿ ಸಂಚರಿಸುತ್ತವೆ. ಕೆಟ್ಟು ಬಂದ ಸಂದೇಶವನ್ನು ಪರಿಶೀಲನಾ ಅಂಕೆಯ ಮೂಲಕ ರೇಡಿಯೋ ತಾನೇ ತಿರಸ್ಕರಿಸುವುದರಿಂದ, ದೋಷವು ತಪ್ಪು ಆಜ್ಞೆಯಾಗಿ ಪ್ರಕಟವಾಗುವುದು ವಿರಳ, ಆಜ್ಞೆಯ ಅಭಾವವಾಗಿ ಪ್ರಕಟವಾಗುವುದೇ ಹೆಚ್ಚು.

ಅಪಾಯದ ನಿಜವಾದ ನೆಲೆ ಇಲ್ಲಿದೆ. ಗ್ರಾಹಕವು ವೆಸ್ಕ್‌ಗೆ 20 ಮಿಲಿಸೆಕೆಂಡಿಗೊಮ್ಮೆ ಒಂದು ಸ್ಪಂದವನ್ನು ಕಳುಹಿಸುತ್ತದೆ: ಅದರ ಅವಧಿ 1ರಿಂದ 2 ಮಿಲಿಸೆಕೆಂಡು, 1.5 ಎಂದರೆ ತಟಸ್ಥ. ಆರ್ಡುಯಿನೋವಿನ ಸರ್ವೋ ಲೈಬ್ರರಿಯಾದರೋ, ಒಮ್ಮೆ ಕೊಟ್ಟ ಮೌಲ್ಯವನ್ನು, ಹೊಸದು ಬರುವವರೆಗೆ, ತಾನಾಗಿಯೇ ಪುನರುಚ್ಚರಿಸುತ್ತಲೇ ಇರುತ್ತದೆ. ಆದುದರಿಂದ ರಿಮೋಟು ಸತ್ತುಹೋದರೂ ವೆಸ್ಕ್‌ಗೆ ಕ್ರಮಬದ್ಧವಾದ ಸ್ಪಂದಗಳೇ ಗೋಚರಿಸುತ್ತವೆ. ಸಂಕೇತ ನಿಂತುದನ್ನು ಗುರುತಿಸಲು ಅದರಲ್ಲಿರುವ ಸ್ವಂತ ವ್ಯವಸ್ಥೆ ಎಚ್ಚರಗೊಳ್ಳುವುದೇ ಇಲ್ಲ. ಬೋರ್ಡು ಕೊನೆಯ ಆಜ್ಞೆಯನ್ನೇ ಪಾಲಿಸುತ್ತ ಓಡುತ್ತದೆ. ಕಟ್ಟಿದವನಿಗೆ ಇದು ಮೇಜಿನ ಮೇಲೆ ಕಾಣದು, ರಸ್ತೆಯಲ್ಲಿ ಕಾಣುತ್ತದೆ.

ಹೀಗಾಗಿ ಕೊನೆಯ ಸಂದೇಶ ಬಂದ ಕಾಲವನ್ನು ಗ್ರಾಹಕವೇ ಗುರುತಿಟ್ಟುಕೊಳ್ಳಬೇಕು. ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಬೋರ್ಡು ಸೆಕೆಂಡಿಗೆ 5 ಮೀಟರು ಕ್ರಮಿಸುವುದರಿಂದ, ಕಾಲು ಸೆಕೆಂಡಿನ ಮಿತಿಯಿಟ್ಟರೆ ಆ ಕುರುಡು ಓಟವು 1.25 ಮೀಟರಿಗೆ ಸೀಮಿತವಾಗುತ್ತದೆ. ಅನಂತರ ಪೂರ್ಣ ಬ್ರೇಕು ಹಾಕುವುದು ಸರ್ವಥಾ ಸಲ್ಲದು, ಏಕೆಂದರೆ ನಿಂತವನು ಮುಂದಕ್ಕೆ ಎಸೆಯಲ್ಪಡುತ್ತಾನೆ. ಕ್ರಮೇಣ ತಟಸ್ಥಕ್ಕೆ ಇಳಿಸುವುದೇ ನನ್ನ ಮತ. ಇಳಿಜಾರಿನಲ್ಲಿ ತಟಸ್ಥವೆಂದರೆ ನಿಲುಗಡೆಯಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಅಲ್ಲಿ ಸವಾರನಿಗೆ ಕಾಲನ್ನು ನೆಲಕ್ಕೂರುವ ಅವಕಾಶ ಉಳಿದಿರುತ್ತದೆ.

ಪರೀಕ್ಷೆಯನ್ನು ಬೋರ್ಡನ್ನು ಬೋರಲು ಹಾಕಿ, ಚಕ್ರಗಳು ಗಾಳಿಯಲ್ಲಿ ತಿರುಗುತ್ತಿರುವಾಗಲೇ ನಡೆಸತಕ್ಕದ್ದು: ಮೊದಲು ರಿಮೋಟಿನ ಬ್ಯಾಟರಿಯನ್ನು ಕೀಳುವುದು, ಬಳಿಕ ಸೆನ್ಸರಿನ ತಂತಿಯನ್ನು ಬಿಡಿಸಿ, ಅಂಕೆಯು ಎಲ್ಲೆ ಮೀರಿದಾಗ ರಿಮೋಟು ತಟಸ್ಥವನ್ನೇ ಕಳುಹಿಸುವುದೋ ಎಂದು ನೋಡುವುದು, ಕಡೆಯಲ್ಲಿ ಗ್ರಾಹಕದ ಪ್ರೋಗ್ರಾಮನ್ನು ಬೇಕೆಂದೇ ಸ್ತಬ್ಧಗೊಳಿಸಿ, ವಾಚ್‌ಡಾಗ್ ಟೈಮರು ಅದನ್ನು ಪುನರಾರಂಭಿಸುವವರೆಗೆ ಚಕ್ರಗಳು ಎಷ್ಟು ಹೊತ್ತು ತಿರುಗಿದವೆಂಬುದನ್ನು ಗಡಿಯಾರ ಹಿಡಿದು ಬರೆದಿಡುವುದು.