ಬಿಸಿಗಾಳಿಯಲ್ಲಿ ನೀರಿನ ಹನಿ: ಬಹುಪ್ರಾವಸ್ಥಾ ಮಾದರಿಗಳ ಆಯ್ಕೆಯ ಚರಿತ್ರೆ

ಬಿಸಿಗಾಳಿಯಲ್ಲಿ ಸಿಂಪಡಿಸಿದ ನೀರು ಎಷ್ಟು ಬೇಗ ಆವಿಯಾಗುತ್ತದೆಂದು ಗಣಕದಲ್ಲಿ ಲೆಕ್ಕಹಾಕಲು ಹಲವು ಬಹುಪ್ರಾವಸ್ಥಾ ಮಾದರಿಗಳು, ಅಂದರೆ ದ್ರವವನ್ನೂ ಅನಿಲವನ್ನೂ ಒಟ್ಟಿಗೆ ನಿರೂಪಿಸುವ ಗಣಿತದ ಚೌಕಟ್ಟುಗಳು, ಬಳಕೆಯಲ್ಲಿವೆ. ಅವುಗಳಲ್ಲಿ ಒಂದನ್ನು ಆರಿಸುವುದು ಗಣಕಸಾಮರ್ಥ್ಯಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಿದರೂ, ಅವು ರೂಪುಗೊಂಡ ಕ್ರಮವನ್ನು ನೋಡಿದರೆ, ಹನಿಯಿಂದ ಆವಿಯನ್ನು ಹೊರಡಿಸುವ ಕಾರಣ ಯಾವುದೆಂಬುದೇ ಮೊದಲು ತೀರ್ಮಾನವಾಗಬೇಕಾದ ವಿಷಯವೆಂದು ತಿಳಿಯುತ್ತದೆ.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1877ರಲ್ಲಿ ಬ್ರಿಟಾನಿಕಾ ವಿಶ್ವಕೋಶಕ್ಕೆ ವಿಸರಣವನ್ನು ಕುರಿತು ಬರೆದ ಲೇಖನದಲ್ಲಿ ಆರ್ದ್ರ ಬಲ್ಬ್ ಉಷ್ಣತಾಮಾಪಕವನ್ನು ಚರ್ಚಿಸುತ್ತ, ನೀರಿನ ಮೇಲ್ಮೈಯಲ್ಲಿರುವ ಆವಿಯ ಸಾಂದ್ರತೆಗೂ ದೂರದ ಗಾಳಿಯಲ್ಲಿರುವ ಆವಿಯ ಸಾಂದ್ರತೆಗೂ ಇರುವ ಅಂತರವೇ ಆವಿಯಾಗುವಿಕೆಯ ವೇಗವನ್ನು ನಿರ್ಣಯಿಸುತ್ತದೆಂದು ತೋರಿಸಿದನು. ಗಾಳಿಯಿಂದ ಹನಿಗೆ ಬರುವ ಶಾಖವೂ ಆವಿಯು ಕೊಂಡೊಯ್ಯುವ ಗುಪ್ತೋಷ್ಣವೂ ಸಮವಾದಾಗ ಹನಿಯ ಉಷ್ಣತೆ ಸ್ಥಿರವಾಗುತ್ತದೆ. ಒಣಗಾಳಿ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದ್ದರೂ ಆ ಸ್ಥಿರ ಉಷ್ಣತೆ ಕುದಿಬಿಂದುವಿಗಿಂತ ಬಹಳ ಕೆಳಗಿರುತ್ತದೆ. 1918ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದೇ ವಿಚಾರವನ್ನು ಸಣ್ಣ ಗೋಳಗಳಿಗೆ ಅನ್ವಯಿಸಿದನು. 1938ರಲ್ಲಿ ನಿಲ್ಸ್ ಫ್ರೋಸ್‌ಲಿಂಗ್ ಬೀಸುವ ಗಾಳಿಯ ಪ್ರಭಾವವನ್ನು ಅಳೆದು ಸೇರಿಸಿದನು. 1952ರಲ್ಲಿ ರ್‍ಯಾಂಜ್ ಮತ್ತು ಮಾರ್ಷಲ್ ಪ್ರಕಟಿಸಿದ ಸೂತ್ರ ತುಂತುರಿನ ಲೆಕ್ಕಗಳಲ್ಲಿ ಇಂದಿಗೂ ಬಳಕೆಯಲ್ಲಿದ್ದು, ಅದರ ಆರಂಭದಲ್ಲಿ ಬರುವ 2 ಎಂಬ ಸಂಖ್ಯೆ ನಿಶ್ಚಲ ಗಾಳಿಯಲ್ಲಿನ ಹನಿಗೆ ಶುದ್ಧ ವಿಸರಣವು ಕೊಡುವ ಉತ್ತರವೇ ಆಗಿದೆ.

1970ರ ದಶಕದಲ್ಲಿ ಈ ಒಂಟಿ ಹನಿಯ ಸಿದ್ಧಾಂತ ಇಡೀ ತುಂತುರಿನ ಲೆಕ್ಕಕ್ಕೆ ವಿಸ್ತರಿಸಿತು. ಕ್ರೋ, ಶರ್ಮಾ ಮತ್ತು ಸ್ಟಾಕ್ 1977ರಲ್ಲಿ ರೂಪಿಸಿದ ವಿಧಾನದಲ್ಲಿ ಗಾಳಿಯನ್ನು ಸ್ಥಿರ ಕೋಶಗಳ ಜಾಲದಲ್ಲಿಯೂ ಹನಿಗಳನ್ನು ಅವುಗಳ ಪಥದುದ್ದಕ್ಕೂ ಲೆಕ್ಕಿಸಿ, ಹನಿ ಕಳೆದುಕೊಂಡ ದ್ರವ್ಯರಾಶಿ, ಸಂವೇಗ ಮತ್ತು ಶಕ್ತಿಗಳನ್ನು ಅದು ಹಾಯ್ದ ಕೋಶದ ಗಾಳಿಗೆ ಜಮಾ ಮಾಡಲಾಗುತ್ತದೆ. ಇದಕ್ಕೆ ಭಿನ್ನವಾಗಿ, 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಪ್ರಕಟಿಸಿದ ದ್ರವಪರಿಮಾಣ ವಿಧಾನವು ಪ್ರತಿ ಕೋಶದಲ್ಲಿ ನೀರಿನ ಪಾಲೆಷ್ಟೆಂದು ದಾಖಲಿಸಿ ನೀರು-ಗಾಳಿಗಳ ಗಡಿಯನ್ನೇ ಗುರುತಿಸುತ್ತದೆ. ಇದು ನೋಡಲು ಹೆಚ್ಚು ನಿಖರವೆನಿಸುತ್ತದೆ. ಆದರೆ 50 ಮೈಕ್ರಾನ್ ವ್ಯಾಸದ ಹನಿಗೆ ಅಡ್ಡಲಾಗಿ ಕೇವಲ 10 ಕೋಶಗಳನ್ನಿಟ್ಟರೂ, ಒಂದು ಘನಮೀಟರಿನ ಕೋಣೆಯನ್ನು ಅದೇ ಅಳತೆಯಲ್ಲಿ ತುಂಬಲು 80 ಕೋಟಿ ಕೋಟಿ ಕೋಶಗಳು ಬೇಕಾಗುತ್ತವೆ.

ಇದಕ್ಕಿಂತ ಗಂಭೀರವಾದ ತೊಡಕು ಬೇರೊಂದಿದೆ. ದ್ರವಪರಿಮಾಣ ವಿಧಾನದ ಜೊತೆಗೆ ಹಲವರು ಬಳಸುವ, 1980ರ ಲೀ ಮಾದರಿಯು ನೀರಿನ ಉಷ್ಣತೆಯನ್ನು ಪರ್ಯಾಪ್ತ ಉಷ್ಣತೆಯೊಂದಿಗೆ ಹೋಲಿಸಿ, ಅದನ್ನು ಮೀರಿದಾಗ ಮಾತ್ರ ಆವಿಯನ್ನು ಉತ್ಪಾದಿಸುತ್ತದೆ. ಆ ಮಿತಿಯನ್ನು 100 ಡಿಗ್ರಿ ಎಂದು ಕೊಟ್ಟರೆ ಮಾದರಿ ಕುದಿಯುವಿಕೆಯನ್ನು ವಿವರಿಸುತ್ತದೆಯೇ ಹೊರತು ಮ್ಯಾಕ್ಸ್‌ವೆಲ್ ವಿವರಿಸಿದ ವಿದ್ಯಮಾನವನ್ನಲ್ಲ. ವಾಸ್ತವದಲ್ಲಿ ಆರಿಹೋಗುವ ಹನಿ ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತದೆ. ಗಾಳಿಯಲ್ಲಿನ ಆವಿಯ ಪ್ರಮಾಣಕ್ಕೆ ಪ್ರತ್ಯೇಕ ಸಮೀಕರಣವಿಲ್ಲದ ಯಾವ ಮಾದರಿಯೂ, ಅದರ ಜಾಲ ಎಷ್ಟೇ ಸೂಕ್ಷ್ಮವಾಗಿರಲಿ, ಇಲ್ಲಿ ಸಲ್ಲದು.

ಆದ್ದರಿಂದ ವಿರಳ ತುಂತುರಿಗೆ ಪಥಾನುಸಾರಿ ವಿಧಾನವೇ ಯುಕ್ತವಾಗಿದ್ದು, ಗಾಳಿ ತೀರ ಬಿಸಿಯಾಗಿ ಆವಿಯ ಹೊರಹರಿವೇ ಶಾಖದ ಒಳಹರಿವನ್ನು ತಡೆಯುವಷ್ಟು ಬಲಗೊಂಡಾಗ 1989ರ ಅಬ್ರಾಮ್‌ಜೋನ್–ಸಿರಿನ್ಯಾನೋ ತಿದ್ದುಪಡಿಯನ್ನು ಅದಕ್ಕೆ ಸೇರಿಸಬೇಕಾಗುತ್ತದೆ. ನೀರಿನ ಪಾಲು ಪರಿಮಾಣದ ಶೇ. 10ನ್ನು ಮೀರುವ ಸಿಂಪಡಿಕೆಯ ಮೂತಿಯ ಬಳಿ ಹನಿಗಳು ಪರಸ್ಪರ ಡಿಕ್ಕಿಹೊಡೆದು ಒಂದುಗೂಡುವುದರಿಂದ, ಅಲ್ಲಿ ಗಡಿಯನ್ನು ಗುರುತಿಸುವ ವಿಧಾನವನ್ನು ಬಳಸಿ, ನೀರು ಬಿಡಿ ಹನಿಗಳಾಗಿ ಚದುರಿದ ಬಳಿಕ ಪಥಾನುಸಾರಿ ಲೆಕ್ಕಕ್ಕೆ ಹೊರಳುವ ಮಿಶ್ರ ಕ್ರಮವನ್ನು ಅನುಸರಿಸಲಾಗುತ್ತದೆ.